ಬಲಗಡೆಯಿಂದ ಮೂರನೆಯದು

"ಇದನ್ನು ಬರೆದ ಪುಣ್ಯಾತ್ಮರು ಯಾರಪ್ಪಾ?" ವೇದಿಕೆಯ ಮೇಲೆ ಆಟ ವಿವರಿಸುತ್ತಿದ್ದ ಉರಾಬೆ ಮೇಷ್ಟ್ರು ಚೀಟಿಯೊಂದನ್ನು ಎತ್ತಿ ಹಿಡಿದರು. "ಗೆರೆ ಮೂರು, ಮೇಲಿನಿಂದ ಹತ್ತು. ಅಲ್ಲಿ ಆಗಲೇ ಬಿಳಿ ಕಲ್ಲು ಕೂತಿದೆಯಲ್ಲ! ಅದರ ತಲೆ ಮೇಲೇ ಇಡಬೇಕೋ?"

ಹಾಲ್ ಗೊಳ್ಳೆಂದಿತು. ಎಂಟನೆಯ ಮಹಡಿಯ ಕೋಣೆಯಲ್ಲಿ ಆಟಗಾರ್ತಿ ನಾಝುನಾ ಕಪ್ಪು ಕಲ್ಲು ಹಿಡಿದು ಗೋ ಎಂಬ ಕಲ್ಲಿನಾಟದ ಪಂದ್ಯ ಆಡುತ್ತಿದ್ದಳು. ಕೆಳಗೆ ಇನ್ನೂರು ಜನ ಹತ್ತೊಂಬತ್ತು ಗೆರೆಗಳ ಆಳೆತ್ತರದ ಹಲಗೆಯ ಮೇಲೆ ಅದೇ ಆಟ ನೋಡುತ್ತಿದ್ದರು. ಅವಳ ಮುಂದಿನ ನಡೆಯನ್ನು ಊಹಿಸಿ ಬರೆದವರಿಗೆ, ಅವಳೇ ಕುಂಚದಲ್ಲಿ ಬರೆದ ಬೀಸಣಿಗೆ ಬಹುಮಾನ. ಚಿಗುಸಾ ಟೆಂಡೊದಿಂದ ರೈಲು ಹತ್ತಿ ಬಂದದ್ದೇ ಆ ಬೀಸಣಿಗೆಗಾಗಿ.

"ಯಾವ ಬೆಪ್ಪನೋ ಏನೋ," ಪಕ್ಕದಲ್ಲಿದ್ದ ಮಾವ ಟೊಕುಜಿ ಕಿಸಿಕಿಸಿ ನಕ್ಕರು.

"ನಾನೇ ಮಾವ."

"ನೀನಾ? ಮೂರು ತಿಂಗಳು ಟೀವಿ ನೋಡಿ ಕಲಿತದ್ದು ಇಷ್ಟೇನಾ?"

"ಅಯ್ಯೋ, ನಾನು ಹೇಳಿದ್ದು ಆ ಕಡೆ," ಚಿಗುಸಾ ಕೂತಲ್ಲಿಂದಲೇ ಹಲಗೆಯ ಬಲ ಅಂಚಿಗೆ ಬೆರಳು ತೋರಿಸಿದಳು. "ಎಲ್ಲಾರೂ ಎಡಗಡೆ ಜಗಳ ನೋಡ್ತಾ ಕೂತಿದಾರೆ. ಅಲ್ಲಿ ಪಾಪ, ಕಪ್ಪಿಗೆ ಉಸಿರು ಕಟ್ಟಿದ ಹಾಗಿದೆ. ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ."

ಟೊಕುಜಿ ಐವತ್ತು ವರ್ಷದಿಂದ ಶೋಗಿ ಚದುರಂಗದ ಕಾಯಿ ಕೆತ್ತಿದವರು. ಭಾನುವಾರ ಟೀವಿಯಲ್ಲಿ ಶೋಗಿ ಮುಗಿದು ಗೋ ಶುರುವಾಯಿತೆಂದರೆ, "ಬೆಣಚುಕಲ್ಲು ಜೋಡಿಸೋದು ಒಂದು ಆಟವಾ?" ಎಂದು ಆರಿಸಿಬಿಡುತ್ತಿದ್ದರು. ಒಂದು ಭಾನುವಾರ ಅವರಿಗೆ ಜೋಂಪು ಹತ್ತಿತು, ಟೀವಿ ಹಾಗೇ ಉಳಿಯಿತು. ಇಸ್ತ್ರಿ ಮಾಡುತ್ತಿದ್ದ ಚಿಗುಸಾ ತಲೆಯೆತ್ತಿದಳು. ತೆರೆಯ ಮೇಲೆ ಒಬ್ಬ ಹುಡುಗಿ ಕಲ್ಲನ್ನು ಎರಡು ಬೆರಳಿನ ನಡುವೆ ಹಿಡಿದು ಹಲಗೆಗೆ ಟಕ್ಕೆಂದು ಮುಟ್ಟಿಸಿದಳು. ಅಷ್ಟೇ. ಮಾವನ ಅಂಗಿಯ ತೋಳು ಸುಟ್ಟಿತು. ಆವತ್ತಿನಿಂದ ನಾಝುನಾಳ ಒಂದು ಆಟವನ್ನೂ ಚಿಗುಸಾ ಬಿಟ್ಟವಳಲ್ಲ.

"ನಡೆ ಬಂತು!" ಫೋನ್ ಹಿಡಿದಿದ್ದ ಹುಡುಗಿ ವೇದಿಕೆಯಿಂದ ಕೂಗಿದಳು. "ಕಪ್ಪು, ಗೆರೆ ಹದಿನೇಳು, ಮೇಲಿನಿಂದ ಹತ್ತು."

ಉರಾಬೆ ಕಲ್ಲನ್ನು ಬಲ ಅಂಚಿನ ಬಳಿ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. "ಅಬ್ಬಾ! ಇದು ನನಗೂ ಹೊಳೆದಿರಲಿಲ್ಲ. ಇನ್ನೂರು ಚೀಟಿಯಲ್ಲಿ ಒಬ್ಬರೂ ಬರೆದಿಲ್ಲ. ಬಹುಮಾನ ಯಾರಿಗೂ ಇಲ್ಲ."

ಟೊಕುಜಿಯ ತೋರುಬೆರಳು ಗಾಳಿಯಲ್ಲಿ ಎಣಿಸಿತು. ಬಲಗಡೆಯಿಂದ ಒಂದು, ಎರಡು, ಮೂರು. ಅವರು ದಡಕ್ಕನೆ ಎದ್ದು ನಿಂತರು.

"ಬರೆದಿದಾಳೆ ಮೇಷ್ಟ್ರೇ! ನಮ್ಮ ಸೊಸೆ ಬರೆದಿದಾಳೆ! ಆಗ ನಕ್ಕಿರಲ್ಲ, ಅದೇ ಚೀಟಿ. ಬಲಗಡೆಯಿಂದ ಎಣಿಸಿ ನೋಡಿ."

"ಯಜಮಾನರೇ, ಗೋದಲ್ಲಿ ಎಡದಿಂದ ಎಣಿಸೋದು."

"ಶೋಗಿಯಲ್ಲಿ ಬಲದಿಂದ! ನಾವು ಶೋಗಿ ಕಾಯಿ ಕೆತ್ತೋ ಟೆಂಡೊದವರು, ನಮ್ಮನೇಲಿ ಪಿಂಗಾಣಿ ಬಟ್ಟಲೂ ಬಲದಿಂದಲೇ ಎಣಿಸೋದು. ತಪ್ಪು ಮನೇದು, ಅವಳದಲ್ಲ."

"ಮಾವ, ಕೂತ್ಕೊಳ್ಳಿ," ಚಿಗುಸಾ ಅವರ ಕೋಟು ಜಗ್ಗಿದಳು.

"ನೀನು ಸುಮ್ನಿರಮ್ಮ. ಆ ಬೀಸಣಿಗೆ ನಿಂದು."

ಹಾಲ್ ಮತ್ತೆ ನಕ್ಕಿತು. ಈ ಸಲದ ನಗು ಬೇರೆ. ಉರಾಬೆಯೂ ನಕ್ಕರು, ಆದರೆ ತಲೆಯಾಡಿಸಿದರು. "ಚೀಟಿಯಲ್ಲಿ ಇದ್ದದ್ದೇ ಉತ್ತರ. ನಾನೇನು ಮಾಡಲಿ, ಹೇಳಿ." ಬೀಸಣಿಗೆ ಮೇಜಿನ ಮೇಲೇ ಉಳಿಯಿತು.

ಸಂಜೆ ಐದಕ್ಕೆ ನಾಝುನಾ ಗೆದ್ದಳು. ಗೆದ್ದವರು ಕೆಳಗಿಳಿದು ನೋಡಲು ಬಂದವರಿಗೆ ತಲೆಬಾಗುವುದು ವಾಡಿಕೆ. ಅವಳು ಬಂದಾಗ ಉರಾಬೆ ಚೀಟಿಯ ಕಥೆ ಹೇಳಿದರು. ನಾಝುನಾ ಚೀಟಿ ಓದಿದಳು, ಹಲಗೆ ನೋಡಿದಳು, ಮತ್ತೆ ಚೀಟಿ ಓದಿದಳು.

"ಮೇಷ್ಟ್ರೇ, ಇದು ತಪ್ಪಲ್ಲ. ನೀವು ನನ್ನ ಕಡೆಯಿಂದ ಮಾತ್ರ ನೋಡ್ತಿದೀರಿ. ನನ್ನ ಎದುರಿಗೆ ಕೂತವರ ಕಡೆಯಿಂದ ಎಣಿಸಿ. ನನ್ನ ಬಲ ಅವರಿಗೆ ಎಡ, ಅಲ್ಲಿಂದ ಇದು ಮೂರನೇ ಗೆರೆ. ಹತ್ತು ನಟ್ಟನಡುವಿನ ಸಾಲು, ಯಾವ ಕಡೆಯಿಂದಲೂ ಹತ್ತೇ." ಅವಳು ಬೀಸಣಿಗೆ ಎತ್ತಿಕೊಂಡು ನೇರ ಚಿಗುಸಾಳ ಬಳಿಗೆ ಬಂದಳು. "ಅಲ್ಲಿ ಇವತ್ತು ನೀವು ಕೂತಿದ್ದಿದ್ದರೆ ನಾನು ಸೋಲ್ತಿದ್ದೆ."

ಚಿಗುಸಾ ಎರಡೂ ಕೈಯಲ್ಲಿ ಬೀಸಣಿಗೆ ಇಸಿದುಕೊಂಡಳು. ಬಾಗಿದ ತಲೆ ಎತ್ತಲು ಮರೆತಳು.

ವೇದಿಕೆಯ ಮೇಲೆ ಉರಾಬೆ ಹಲಗೆಯನ್ನು ಬುಡಮೇಲಾಗಿ ನೋಡಲು ಸೊಂಟ ಬಗ್ಗಿಸಿ ಕತ್ತು ತಿರುಚಿದರು. ಅವರನ್ನು ನೋಡಿ ಮುಂದಿನ ಸಾಲು ಕತ್ತು ತಿರುಚಿತು, ಆಮೇಲೆ ಹಿಂದಿನದು, ಆಮೇಲೆ ಇಡೀ ಹಾಲ್. ಇನ್ನೂರು ತಲೆಗಳ ನಡುವೆ ಟೊಕುಜಿ ಒಬ್ಬರೇ ಎದೆ ಸೆಟೆದು ನೆಟ್ಟಗೆ ಕೂತಿದ್ದರು.