ಒಂಟಿಯವರಿಗೆ ರೂಮಿಲ್ಲ

ಹಿತ್ತಲಲ್ಲಿ ಹಗ್ಗವಿರಲಿಲ್ಲ. ಬಟ್ಟೆ ಒಣಹಾಕುವ ಎರಡು ಕಲ್ಲುಕಂಬಗಳು ಬಿಸಿಲಿನಲ್ಲಿ ಬೋಳಾಗಿ ನಿಂತಿದ್ದವು. ಲಾಡ್ಜಿನ ಬಟ್ಟೆ ಒಗೆಯುವುದು ಸೋಮವಾರ, ಅಂದು ಶನಿವಾರ. ದಯಾಮಣಿ ಕಂಬಗಳನ್ನೇ ನೋಡುತ್ತ ಕ್ಷಣಕಾಲ ನಿಂತಳು.

ಒಳಗೆ ಬಂದು ಮೆಟ್ಟಿಲ ಕೆಳಗಿನ ಗೂಡಿಗೆ ಕೈಹಾಕಿದಳು. ತಿಗಣೆ ಔಷಧದ ಬಾಟಲಿಯೂ ಇರಲಿಲ್ಲ. ಅದಿದ್ದ ಜಾಗದಲ್ಲಿ ದುಂಡನೆಯ ಎಣ್ಣೆಕಲೆ ಮಾತ್ರ ಉಳಿದಿತ್ತು. ಮೇಲೆ ಹತ್ತಿ ನೋಡಿದರೆ, ಸದಾ ತೆರೆದೇ ಇರುತ್ತಿದ್ದ ಮಾಳಿಗೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಕೀಲಿ ಮೊಳೆಯ ಮೇಲಿರಲಿಲ್ಲ.

ಆಗ ಅವಳಿಗೆ ಆರನೆಯ ನಂಬರಿನ ರೂಮಿನವನ ನೆನಪಾಯಿತು.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಬೇಥಾನ್ಯ ಲಾಡ್ಜು ಅವಳ ತಂದೆ ಸಮಾಧಾನಪ್ಪನವರದು. ಹಿಂದೊಮ್ಮೆ ಒಬ್ಬನೇ ಬಂದು ತಂಗಿದ ಬಟ್ಟೆ ವ್ಯಾಪಾರಿ ಅಲ್ಲಿಯೇ ಜೀವ ಕಳೆದುಕೊಂಡಿದ್ದ. ಪೊಲೀಸರು ಬಂದರು, ಗಿರಾಕಿಗಳು ಬರುವುದು ನಿಂತಿತು. ‘ಒಂಟಿಯವರಿಗೆ ರೂಮಿಲ್ಲ’ ಎಂಬ ಹಲಗೆಯನ್ನು ಸಮಾಧಾನಪ್ಪನವರು ಆಗ ತಾವೇ ಬರೆದು ಗಲ್ಲಾದ ಮೇಲೆ ತೂಗುಹಾಕಿದ್ದರು. ಸ್ವಂತ ಸೋದರಳಿಯನಿಗಾಗಿಯೂ ಆ ನೇಮವನ್ನು ಅವರು ಮುರಿದವರಲ್ಲ. ಅಂಥವರು ಈ ಬೆಳಿಗ್ಗೆ, ಕೈಚೀಲವೂ ಇಲ್ಲದೆ ಬಸ್ಸಿಳಿದು ಬಂದ ಪ್ರಭುದಾಸನಿಗೆ, ಅವನು ಬಾಯಿ ತೆರೆಯುವ ಮೊದಲೇ ಆರನೆಯ ರೂಮಿನ ಕೀಲಿ ಚಾಚಿದ್ದರು. ಬಳಿಕ ಮಗಳನ್ನು ಹತ್ತಿರ ಕರೆದಿದ್ದರು.

"ಮಣಿ, ಯಾಕೋ ಅವನ ಮಾರಿ ಸರಿ ಇಲ್ಲವ್ವ. ನನಗ ಮೆಟ್ಲ ಹತ್ತಾಕ ಆಗಂಗಿಲ್ಲ. ಅವನ ಮ್ಯಾಲ ಒಂದು ಕಣ್ಣಿಡು."

ಅವಳು ಹೂಂಗುಟ್ಟಿದ್ದಳು. ಮನಸ್ಸು ಬೇರೆಲ್ಲೋ ಇತ್ತು.

ಪ್ರಭುದಾಸ ಹೊಸಬನಲ್ಲ. ಚರ್ಚಿನ ಕ್ಯಾಲೆಂಡರು, ಕೀರ್ತನೆ ಪುಸ್ತಕಗಳ ಗಂಟು ಹೊತ್ತು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳನ್ನು ಸುತ್ತುವವನು. ಈ ಊರಿಗೆ ಬಂದರೆ ಸಮಾಧಾನಪ್ಪನವರ ಮನೆಯಲ್ಲಿ ಉಂಡು, ಒಂಟಿಯವನಾದ್ದರಿಂದ ಚರ್ಚಿನ ಜಗಲಿಯಲ್ಲಿ ಮಲಗುತ್ತಿದ್ದ. ಎರಡು ವರ್ಷದ ಹಿಂದೆ ದಯಾಮಣಿಯನ್ನು ಕೇಳಿದ್ದ. ಸೂರಿಲ್ಲದವನಿಗೆ ಹೆಣ್ಣು ಕೊಡುವುದುಂಟೇ ಎಂದು ಸಮಾಧಾನಪ್ಪನವರು ಗದರಿ ಕಳಿಸಿದ್ದರು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಅವಳು ತುಟಿ ಬಿಚ್ಚಿರಲಿಲ್ಲ.

ಆಮೇಲೆ ಗದುಗಿನ ಮಾಸ್ತರನೊಬ್ಬನೊಡನೆ ಅವಳ ಮದುವೆ ಗೊತ್ತಾಯಿತು. ಮದುವೆಗೆ ಮುನ್ನ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದಿ ಪ್ರಕಟಿಸಬೇಕು. ಎರಡು ಭಾನುವಾರ ಓದಿದ್ದಾಯಿತು. ಮೂರನೆಯದು ಬರುವ ಮೊದಲೇ ಗಂಡಿನವರು ಒಲ್ಲೆವೆಂದು ಹೇಳಿಕಳಿಸಿದರು. ಕಾರಣ ತಿಳಿಸಲಿಲ್ಲ, ಅದನ್ನು ಊರೇ ಹೊಸೆದುಕೊಟ್ಟಿತು. ಲಾಡ್ಜಿನಲ್ಲಿ ಬೆಳೆದ ಹುಡುಗಿಯಲ್ಲವೇ!

ನಾಳೆ ಆ ಮೂರನೆಯ ಭಾನುವಾರ. ಪಾದ್ರಿಯವರು ಆ ಎರಡು ಹೆಸರುಗಳನ್ನು ದಾಟಿ ಮುಂದಕ್ಕೆ ಹೋಗುವಾಗ ಎಲ್ಲ ತಲೆಗಳೂ ಹೆಂಗಸರ ಬೆಂಚಿನತ್ತ ತಿರುಗುತ್ತವೆ. ಆ ಬೆಂಚಿನಲ್ಲಿ ತಾನಿರುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿಬಿಟ್ಟಿದ್ದಳು.

ಈಗ ನೋಡಿದರೆ ಇವನು. ತನ್ನ ಹೆಸರನ್ನು ಮತ್ತೊಬ್ಬನ ಹೆಸರಿನೊಡನೆ ಓದಿದ್ದು ಇವನ ಕಿವಿಗೂ ಬಿದ್ದಿರಬೇಕು. ಮಾಳಿಗೆಯ ಕೀಲಿಯನ್ನೂ ಇವನೇ ಇಟ್ಟುಕೊಂಡಿರಬೇಕು, ಹತ್ತಿದಾಗ ಹಿಂದೆ ಯಾರೂ ಬರಬಾರದೆಂದು. ದೇವರೇ, ಇವನೊಬ್ಬನನ್ನು ಉಳಿಸು ಎಂದು ಬೇಡಿಕೊಂಡಳು. ತನಗಾಗಿ ಏನನ್ನೂ ಬೇಡುವುದನ್ನು ಅವಳು ಬಿಟ್ಟು ಬಹಳ ದಿನಗಳಾಗಿದ್ದವು.

ನೀರಿನ ನೆವದಲ್ಲಿ ಬಾಗಿಲು ತಟ್ಟಿದಳು. ಬಾಗಿಲ ಹಿಂದೆಯೇ ನಿಂತಿದ್ದವನಂತೆ ಅವನು ಥಟ್ಟನೆ ತೆರೆದ. ಕೆಂಪಗಾದ ಕಣ್ಣುಗಳು ನಿದ್ದೆ ಕಂಡಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಹಾ ಒಯ್ದಳು. ಒಬ್ಬನೇ ಕುಡಿದು ರೂಢಿಯಿಲ್ಲವೆಂದು ಅರ್ಧವನ್ನು ಕಪ್ಪಿನ ಬಸಿಗೆ ಸುರಿದು ಅವಳ ಕೈಗೇ ಕೊಟ್ಟ. ರೊಟ್ಟಿ ಒಯ್ದಳು. ಅವಳು ತುತ್ತು ಮುರಿಯುವವರೆಗೆ ಅವನು ಮುಟ್ಟಲಿಲ್ಲ. ಎರಡು ದಿನದಿಂದ ಒಲ್ಲದ ಗಂಟಲಿನಲ್ಲಿ ಆ ತುತ್ತು ಹೇಗೋ ಇಳಿಯಿತು.

ಅವಳು ಏಳಲು ಹೊರಟಾಗಲೆಲ್ಲ ಅವನು ಏನಾದರೊಂದು ಕೇಳುತ್ತಿದ್ದ. ಚರ್ಚಿನ ಗಂಟೆಗೆ ಬಿರುಕು ಬಿದ್ದದ್ದು ಹೇಗೆ? ಬೇವಿನ ಮರದ ಜೇನುಗೂಡು ಏನಾಯಿತು? ಅವಳು ಬೇಕೆಂದೇ ಉತ್ತರವನ್ನು ಹಿಗ್ಗಿಸುತ್ತಿದ್ದಳು. ಮಾತಾಡುತ್ತಿರುವವನು ಸಾಯಲಾರ.

"ಅಲ್ರೀ, ನಿಮ್ಮ ಲಾಡ್ಜಿನ ತಿಗಣಿಗೂ ದೀಕ್ಷಾಸ್ನಾನ ಆಗೇತೇನು?" ಎಂದ ಒಮ್ಮೆ. "ಒಂದೂ ಕಚ್ಚವಲ್ವು."

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಇಬ್ಬರೂ ಅದಕ್ಕೆ ಬೆಚ್ಚಿದರು. ಮರುಗಳಿಗೆಯಲ್ಲಿ ಗೂಡಿನ ಎಣ್ಣೆಕಲೆ ಕಣ್ಣಿಗೆ ಕಟ್ಟಿ, ನಗು ಆರಿತು. ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಹಗ್ಗ, ಬಾಟಲಿ, ಮಾಳಿಗಿ ಕೀಲಿ. ಮೂರೂ ನಿಮ್ಮ ಹತ್ರ ಅದಾವು. ಕೊಡ್ರಿ ಇಲ್ಲಿ."

ಅವನು ಇಲ್ಲವೆನ್ನಲಿಲ್ಲ. ಮಂಚದ ಕೆಳಗಿನಿಂದ ಒಂದೊಂದಾಗಿ ತೆಗೆದು ತನ್ನ ಮಗ್ಗುಲಿಗೆ ಇಟ್ಟುಕೊಂಡ. ಅವಳತ್ತ ಸರಿಸಲಿಲ್ಲ.

"ನನ್ನ ಸಲುವಾಗಿ ಸಾಯಬ್ಯಾಡ್ರಿ," ಎಂದಳು. "ಅವತ್ತು ಬಾಗಿಲ ಮರಿಗೆ ನಾನೂ ಇದ್ದೆ. ಹೂಂ ಅನ್ನಬೇಕಿತ್ತು, ಅನ್ನಲಿಲ್ಲ. ನಿಮ್ಮನ್ನ ಕಾಯಾಕ ಅಪ್ಪನೇ ನನಗ ಹಚ್ಯಾನ."

ಅವನು ಅಲ್ಲವೆಂದು ತಲೆಯಾಡಿಸಿದ.

"ನಾ ಸಾಯಾಕ ಬಂದಿಲ್ರಿ. ನಾಳಿ ನಿಮ್ಮ ಸಂಗಾಟ ಚರ್ಚಿಗೆ ಹೋಗಾಕ ಬಂದೀನಿ. ನಿನ್ನಿ ರಾತ್ರಿ ಹಡಗಲಿ ಬೂತಿಗೆ ನಿಮ್ಮಪ್ಪಾರು ಫೋನ್ ಮಾಡಿದ್ರು. ಅಳಾಕ ಹತ್ತಿದ್ರು. ‘ಆಕಿ ಮ್ಯಾಲ ಒಂದು ಕಣ್ಣಿಡಪ್ಪ’ ಅಂದ್ರು. ಉಟ್ಟ ಬಟ್ಟಿ ಮ್ಯಾಲೇ ಬಸ್ ಹತ್ತಿದೆ."

ಅಪ್ಪನಿಗೆ ವಯಸ್ಸಾಯಿತು, ಇಲ್ಲದ್ದೆಲ್ಲ ಕಲ್ಪಿಸಿಕೊಳ್ಳುತ್ತಾನೆ ಎನ್ನಲು ಅವಳು ಬಾಯಿ ತೆರೆದಳು. ಅವನು ಹಗ್ಗವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ಮೆಲ್ಲಗೆ ಅವಳ ಕೈ ಹಿಡಿದ.

"ಇವತ್ತು ಒಗೆದ ಬಟ್ಟಿ ಇರಲಿಲ್ಲ. ಈ ಹಗ್ಗ ಹುಡುಕ್ಕೊಂಡು ಹಿತ್ತಲಿಗೆ ಯಾಕ ಹೋಗಿದ್ರಿ, ದಯಾಮಣಿ?"