ಬನಶಂಕರಿ ಶಾಖೆಯಲ್ಲಿ ಮಾತ್ರ ಇಲ್ಲ

ನಿನ್ನೆ ಹಾಕಿದ್ದು ಇವತ್ತು ಮತ್ತೆ ಮಾಯವಾಗಿತ್ತು.

ಸಂಗಮೇಶ ಬನಶಂಕರಿ ಶಾಖೆಯ ಕಂಪ್ಯೂಟರಿನ ಮುಂದೆ ಕೂತು ಹಲ್ಲು ಕಡಿದ. ಪವನಗತಿ ಕೊರಿಯರ್ಸ್‌ನ ಹೊಸ ಸಾಫ್ಟ್‌ವೇರ್ ಕಣ್ಣು ಬಿಡಬೇಕಾದರೆ ಡಾಟ್‌ನೆಟ್ ಫ್ರೇಮ್‌ವರ್ಕ್ ಎಂಬ ಅಡಿಪಾಯ ಮೊದಲೇ ಇರಬೇಕು. ಶಾಖೆಯಿಂದ ಶಾಖೆಗೆ ಅಲೆದು ಇವನ್ನೆಲ್ಲ ಹಾಕುವುದೇ ತಾತ್ಕಾಲಿಕ ನೌಕರನಾದ ಸಂಗಮೇಶನ ಕೆಲಸ. ನಿನ್ನೆ ಸಂಜೆ ಅವನೇ ಕೈಯಾರೆ ಹಾಕಿ ಹೋಗಿದ್ದ. ಇವತ್ತು ಪರದೆ ಅದೇ ಹಳೆಯ ರಾಗ ಎಳೆಯುತ್ತಿತ್ತು: ಬೇಕಾದದ್ದು ಇಲ್ಲ, ಮುಂದುವರಿಯಲಾರೆ.

ಸಾಫ್ಟ್‌ವೇರ್‌ಗೆ ಫ್ರೇಮ್‌ವರ್ಕ್ ಬೇಕು. ಫ್ರೇಮ್‌ವರ್ಕಿಗೆ ವಿಂಡೋಸ್‌ನ ಸರ್ವಿಸ್ ಪ್ಯಾಕ್ ಎಂಬ ತೇಪೆ ಬೇಕು. ಅದಕ್ಕೆ ಡಿಸ್ಕಿನಲ್ಲಿ ಜಾಗ ಬೇಕು. ಜಾಗ ಬೇಕಾದರೆ ಶಾಖೆಯವರು ತುಂಬಿಟ್ಟ ಸಿನಿಮಾ ಹಾಡುಗಳನ್ನು ಅಳಿಸಬೇಕು. ಅದಕ್ಕೆ ಮಾತ್ರ ಯಾರೂ ಒಪ್ಪುವವರಲ್ಲ. ಜೆ.ಪಿ. ನಗರದಲ್ಲಿ ಕಾಲು ಹಿಡಿದ. ಹುಳಿಮಾವಿನಲ್ಲಿ ಬೈಸಿಕೊಂಡ. ಬಿ.ಟಿ.ಎಂ.ನಲ್ಲಿ ಹಾಡುಗಳನ್ನೆಲ್ಲ ಸಿ.ಡಿ.ಗೆ ತುಂಬಿಸಿಕೊಟ್ಟು ಪಾರಾದ. ಅಂತೂ ಎಲ್ಲ ಶಾಖೆಗಳೂ ಸಿದ್ಧವಾದವು, ಇದೊಂದನ್ನು ಬಿಟ್ಟು.

ಒಂದೇ ತಾನೆ, ಆಮೇಲೆ ನೋಡಿದರಾಯಿತು ಎನ್ನುವ ಹಾಗಿರಲಿಲ್ಲ. ಎಲ್ಲ ಕಡೆ ಒಂದೇ ಮುಹೂರ್ತದಲ್ಲಿ ಶುರುವಾಗಬೇಕು ಎಂಬುದು ಜಯನಗರದ ಮುಖ್ಯ ಕಚೇರಿಯ ಮ್ಯಾನೇಜರ್ ಗೌರೀಶಂಕರರ ಪಟ್ಟು. ಜೋಯಿಸರು ಇಟ್ಟುಕೊಟ್ಟ ಮುಹೂರ್ತ ಆಗಲೇ ಎರಡು ಸಲ ತಪ್ಪಿತ್ತು. ರಾಹುಕಾಲಕ್ಕೆ ಹೊಂದುವ ಸರ್ವಿಸ್ ಪ್ಯಾಕನ್ನು ಯಾವ ಕಂಪನಿಯೂ ಇನ್ನೂ ಬಿಟ್ಟಿರಲಿಲ್ಲ.

ಸಂಗಮೇಶನ ಮದುವೆಯೂ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು. ಬಿಜಾಪುರದ ಕಡೆಯಿಂದ ಬಂದು ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದ ಅವನಿಗೆ ಶ್ವೇತಾ ತುಂಬ ಹಿಡಿಸಿದ್ದಳು, ಅವಳಿಗೂ ಅವನು ಹಿಡಿಸಿದ್ದ. ಆದರೆ ನೌಕರಿ ಕಾಯಂ ಆಗದೆ ನಿಶ್ಚಯದ ಮಾತೇ ಬೇಡ ಎಂದಿದ್ದರು ಅವಳಪ್ಪ. ಬೇರೆ ಗಂಡುಗಳನ್ನೂ ನೋಡತೊಡಗಿದ್ದರು. ಅದನ್ನು ನೆನೆದರೆ ಸಂಗಮೇಶನಿಗೆ ಊಟ ಸೇರುತ್ತಿರಲಿಲ್ಲ.

"ಎಲ್ಲ ಕಡೆ ಓಡಿದ ದಿನಾನೇ ನಿಮ್ಮ ವಿಷಯ ತೀರ್ಮಾನ ಮಾಡ್ಬಿಡ್ತೀನಿ," ಎಂದು ಗೌರೀಶಂಕರ ಮಾತು ಕೊಟ್ಟಿದ್ದರು. ಆ ಋಣಕ್ಕೆ ಸಂಗಮೇಶ ದಿನಾ ಸಂಜೆ ಅವರಿಗೆ ಫೋನ್ ಮಾಡುತ್ತಿದ್ದ. ಶಾಖೆಯಲ್ಲಿ ಯಾರು ತಡವಾಗಿ ಬಂದರು, ಯಾರು ಏನೆಂದರು ಎಂಬುದನ್ನೂ ಬಿಡದೆ ಒಪ್ಪಿಸುತ್ತಿದ್ದ.

ಅನುಮಾನವೆಲ್ಲ ಹೆಡ್‌ಕ್ಲರ್ಕ್ ಅನಂತಪದ್ಮನಾಭರ ಮೇಲೆ. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಅವರು ದಿನವಿಡೀ ಮಾಡುವ ಕೆಲಸವನ್ನು ಹೊಸ ಸಾಫ್ಟ್‌ವೇರ್ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಲಿತ್ತು. ಮೌಸ್ ಹಿಡಿದರೆ ಕೈ ನಡುಗುತ್ತದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

"ಮತ್ತೆ ಹೋಯ್ತಾ?" ಅವರು ಕಾಫಿ ಲೋಟ ತಂದಿಟ್ಟರು. "ಹೋಗ್ಲಿ ಬಿಡಿ ಸಂಗಮೇಶ್. ನಿಧಾನವಾಗಿ ಹಾಕಿ. ಏನವಸರ?"

"ಅವಸರ ಐತ್ರಿ ಸರ. ಇದರಿಂದ ನನ್ನ ಮದುವಿ ನಿಂತೈತಿ."

"ಇದು ಓಡಿಬಿಟ್ರೆ ಆಮೇಲೆ ಏನ್ ಕೆಲಸ ಇರುತ್ತೆ, ಯೋಚನೆ ಮಾಡಿದ್ದೀರಾ?"

ಮುದುಕರಿಗೆ ತಮ್ಮ ಕುರ್ಚಿಯ ಚಿಂತೆ, ಎಂದುಕೊಂಡ ಸಂಗಮೇಶ. "ಏನ್ ಹೇಳೂದೈತಿ, ಬಿಡಿಸಿ ಹೇಳ್ರಿ."

"ನಿಮಗೆ ಬಿಡಿಸಿ ಹೇಳಿದ್ದೆಲ್ಲ ಸಾಯಂಕಾಲ ಸಾಹೇಬರ ಕಿವಿಗೆ ಬೀಳುತ್ತೆ. ಕಾಫಿ ಕುಡೀರಿ, ಆರಿಹೋಗುತ್ತೆ."

ಸಂಗಮೇಶ ಫ್ರೇಮ್‌ವರ್ಕನ್ನು ಮತ್ತೆ ಹಾಕಿದ. ಮರುದಿನ ಮಧ್ಯಾಹ್ನ ಊಟಕ್ಕೆಂದು ಹೊರಟವನು ಮೂಲೆಯ ಬೇಕರಿಯವರೆಗೆ ಹೋಗಿ ತಿರುಗಿ ಬಂದ. ಶಾಖೆಯಲ್ಲಿ ಯಾರೂ ಇರಲಿಲ್ಲ, ಅನಂತಪದ್ಮನಾಭರ ಹೊರತು. ಮೌಸ್ ಹಿಡಿದ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದು, ಪಟ್ಟಿಯಲ್ಲಿ ಫ್ರೇಮ್‌ವರ್ಕನ್ನು ಹುಡುಕಿ, ತೆಗೆದುಹಾಕು ಎಂಬಲ್ಲಿ ಒತ್ತಿದರು. ನುರಿತ ಕೈ.

"ಇದನ್ನ ಯಾರ್ ಕಲಿಸಿದ್ರು ನಿಮಗ?" ಸಂಗಮೇಶ ಕೂಗಿದ.

ಅವರು ಬೆಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: "ಮನೇಲಿ ಒಬ್ಬ ಇದ್ದಾನೆ. ಹಗಲೂ ಮನೇಲೇ ಇರ್ತಾನೆ, ಪುರುಸೊತ್ತಾಗಿ ಕಲಿಸ್ದ."

"ನಿಮ್ಮ ನೌಕರಿ ಉಳಿಸ್ಕೊಳ್ಳಾಕ ನನ್ನ ಬಾಳೇ ಹಾಳ್ ಮಾಡ್ತೀರಲ್ರಿ!"

ಏನೋ ಹೇಳಲು ಬಾಯಿ ತೆರೆದ ಅನಂತಪದ್ಮನಾಭರು, ಅವನ ಕೈ ಆಗಲೇ ಫೋನಿನ ಮೇಲಿದ್ದದ್ದನ್ನು ಕಂಡು ಸುಮ್ಮನಾದರು.

ಆ ಸಂಜೆಯೇ ಮುಖ್ಯ ಕಚೇರಿ ಅವರನ್ನು ಮನೆಗೆ ಕಳಿಸಿತು. ಬೀಳ್ಕೊಡುಗೆಯಿಲ್ಲ, ಹಾರವಿಲ್ಲ. ಸಂಗಮೇಶನಿಗೆ ಒಂದು ಗಳಿಗೆ ಕಸಿವಿಸಿಯಾಯಿತು, ಆದರೆ ಫ್ರೇಮ್‌ವರ್ಕ್ ಮಾತ್ರ ಆಮೇಲೆ ಮಾಯವಾಗಲಿಲ್ಲ.

ಮುಂದಿನ ಮುಹೂರ್ತಕ್ಕೆ ಜಯನಗರದಲ್ಲಿ ಕಾಯಿ ಒಡೆದು ಸರ್ವರ್ ಕಂಪ್ಯೂಟರಿಗೆ ಕುಂಕುಮ ಹಚ್ಚಿದರು. ಎಲ್ಲ ಶಾಖೆಗಳಲ್ಲೂ ಹೊಸ ಸಾಫ್ಟ್‌ವೇರ್ ತಕರಾರಿಲ್ಲದೆ ತೆರೆದುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಶ್ವೇತಾಳಿಗೆ ಯಾವ ಮಾತಿನಲ್ಲಿ ಸುದ್ದಿ ಹೇಳಲಿ ಎಂದು ಲೆಕ್ಕ ಹಾಕುತ್ತಲೇ ಸಂಗಮೇಶ ಮ್ಯಾನೇಜರರ ಕೋಣೆಗೆ ಹೋದ.

"ಸರ, ನನ್ನ ವಿಷಯ..."

"ಮರೆತಿಲ್ಲ ಕಣ್ರೀ. ಇವತ್ತೇ ತೀರ್ಮಾನ ಅಂದಿದ್ನಲ್ಲ?" ಗೌರೀಶಂಕರ ಎದ್ದು ಅವನ ಕೈ ಕುಲುಕಿದರು. "ಸಖತ್ತಾಗಿ ಮುಗಿಸಿದ್ರಿ. ಇನ್ನು ನಿಮಗೆ ತೊಂದರೆ ಕೊಡಲ್ಲ. ನಾಳೆಯಿಂದ ಬರೋದು ಬೇಡ."

ಸಂಗಮೇಶ ಕೈಯನ್ನು ಹಿಂದಕ್ಕೆಳೆದುಕೊಂಡ.

"ಬೇಜಾರ್ ಮಾಡ್ಕೋಬೇಡಿ. ಹಾಕೋ ಕೆಲಸ ಮುಗಿದ ಮೇಲೆ ಹಾಕೋರನ್ನ ಇಟ್ಕೊಂಡು ಏನ್ ಮಾಡೋಣ? ಇದು ನಮ್ಮ ಕಂಪನಿ ಪದ್ಧತಿ. ಹಳೇ ಸಾಫ್ಟ್‌ವೇರ್ ಹಾಕಿದ ಹುಡುಗನ್ನೂ ಎಲ್ಲ ಕಡೆ ಓಡಿದ ದಿನಾನೇ ಕಳಿಸಿಬಿಟ್ವಿ. ಸುಮೇಧ ಅಂತ. ಒಳ್ಳೇ ಹುಡುಗ, ಪಾಪ, ಇನ್ನೂ ಎಲ್ಲೂ ಕೆಲಸ ಸಿಕ್ಕಿಲ್ವಂತೆ."

ಗೌರೀಶಂಕರ ಬಾಗಿಲವರೆಗೂ ಬಂದು ಬೀಳ್ಕೊಡುತ್ತ, ನಿಟ್ಟುಸಿರಿಟ್ಟರು.

"ನಮ್ಮ ಅನಂತಪದ್ಮನಾಭರ ಮಗ."