ಬೋದಿಲ್ ಎಣ್ಣೆ ತಿಕ್ಕಿದ ಮೇಜು

"ಮೇಜಿಗೆ ಬಟ್ಟೆ ಹಾಸಿಲ್ವಾ?" ಕೋಟು ಬಿಚ್ಚುವ ಮುಂಚೆಯೇ ಬೋದಿಲ್ ಕೇಳಿದಳು.

"ಇಷ್ಟು ಚಂದದ ಮರಕ್ಕೆ ಮುಸುಕು ಯಾಕೆ?" ಎಂದು ಮೆರೆಟೆ ನಕ್ಕು ಒಳಗೆ ಕರೆದಳು. ಮೆರೆಟೆ, ಬೋದಿಲ್‌ಳ ಮಾಜಿ ಗಂಡ ಎಸ್ಕಿಲ್‌ನ ಈಗಿನ ಹೆಂಡತಿ. ಬೋದಿಲ್ ಮತ್ತು ಎಸ್ಕಿಲ್ ಮಗಳು ಸಿಗ್ನೆಗೆ ಅವತ್ತು ಬೆಳಿಗ್ಗೆ ಡೆನ್ಮಾರ್ಕಿನ ಓಡೆನ್ಸೆಯ ಚರ್ಚಿನಲ್ಲಿ, ಹದಿಹರೆಯದ ಮಕ್ಕಳು ತಮ್ಮ ನಂಬಿಕೆಯನ್ನು ಸಾರುವ ದೃಢೀಕರಣ ಸಂಸ್ಕಾರವಾಗಿತ್ತು. ಹಬ್ಬದೂಟ ಮಾತ್ರ ಅಪ್ಪನ ಮನೆಯಲ್ಲಿ, ಆ ಮೇಜಿನ ಮೇಲೆ.

ಅದು ಥೋರ್ವಾಲ್ ಬ್ರಿಂಕ್ ವಿನ್ಯಾಸ ಮಾಡಿದ ಹಳೆಯ ತೇಗದ ಮೇಜು. ಅದರದೇ ಜೋಡಿಯೊಂದನ್ನು ಕೊಪೆನ್‌ಹೇಗನ್‌ನಲ್ಲಿ ವಸ್ತುಸಂಗ್ರಹಾಲಯವೊಂದರಲ್ಲಿ ಸುತ್ತ ಹಗ್ಗ ಕಟ್ಟಿ, ಯಾರೂ ಮುಟ್ಟದಂತೆ ಪ್ರದರ್ಶನಕ್ಕಿಟ್ಟಿದ್ದಾರೆ. ಮದುವೆಯಾದ ವರ್ಷ ಹರಾಜಿನಲ್ಲಿ ಹಟ ಹಿಡಿದು ಇದನ್ನು ಕೊಂಡವಳು ಬೋದಿಲ್. ತಿಂಗಳು ತಿಂಗಳೂ ಎಣ್ಣೆ ತಿಕ್ಕಿದವಳೂ ಅವಳೇ. ಆಗ ಲೋಟದಡಿ ಬಟ್ಟೆಯಿಲ್ಲದೆ ಯಾರೂ ನೀರು ಕುಡಿಯುವಂತಿರಲಿಲ್ಲ. ಸಿಗ್ನೆ ಚಿತ್ರ ಬರೆಯಬೇಕೆಂದರೆ ನೆಲದ ಮೇಲೆ. ಮದುವೆ ಮುರಿದಾಗ, ಬೋದಿಲ್‌ಳ ಬಾಡಿಗೆ ಮನೆಯ ಇಕ್ಕಟ್ಟು ಮೆಟ್ಟಿಲಲ್ಲಿ ಮೇಜು ತಿರುಗಲಿಲ್ಲ. ಬಂದ ಗಾಡಿಯಲ್ಲೇ, ಎಸ್ಕಿಲ್ ಉಳಿದುಕೊಂಡ ಹಳೆಯ ಮನೆಗೇ ವಾಪಸು ಹೋಯಿತು. ಗಂಡ ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಳು. ಮೇಜು ಹೋದದ್ದನ್ನು ನುಂಗಲಾಗಲಿಲ್ಲ.

ಈಗ ಅದರ ಮೈತುಂಬ ಕಲೆ, ಗೀರು. ಈ ಮೆರೆಟೆಗೆ ಇದನ್ನು ಇಟ್ಟುಕೊಳ್ಳುವ ಯೋಗ್ಯತೆಯಿಲ್ಲ ಎಂದು ಬೋದಿಲ್‌ಗೆ ಒಳಗೊಳಗೇ ಹಿತವಾಯಿತು. ಅಷ್ಟರಲ್ಲಿ ಸಿಗ್ನೆ ಬಂದು, ಮೇಜಿಗೆ ಮೊಣಕೈಯೂರಿ, ಮೆರೆಟೆಯ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಬೋದಿಲ್‌ಳ ಹಿತ ಅಲ್ಲಿಗೇ ಮುಗಿಯಿತು. ತನ್ನ ಕಾಲದಲ್ಲಿ ಈ ಮೇಜಿನ ಸುತ್ತ ಹೀಗೆ ನಕ್ಕವರುಂಟೇ?

"ಬೋದಿಲ್, ಆಲೂಗಡ್ಡೆ ತರ್ತೀಯಾ? ಮಾಂಸ ನಾನು ತರ್ತೀನಿ," ಎಂದಳು ಮೆರೆಟೆ.

ಅಡುಗೆಮನೆಯಲ್ಲಿ ಕಬ್ಬಿಣದ ಬಾಣಲೆಯೊಳಗೆ, ಸಕ್ಕರೆಪಾಕದಲ್ಲಿ ಹೊರಳಿದ ಆಲೂಗಡ್ಡೆ ಚರಚರ ಎನ್ನುತ್ತಿತ್ತು. ಬಿಸಿ ಪಾತ್ರೆಯ ಅಡಿಗಿಡುವ ಮಣೆ ಪಕ್ಕದಲ್ಲೇ ಇತ್ತು. ಬೋದಿಲ್ ಅದನ್ನು ನೋಡಿದಳು. ನೋಡಿ, ಅಲ್ಲೇ ಬಿಟ್ಟು ಬಂದಳು. ತಾನು ಕೂರುವ ಜಾಗದ ಮುಂದೆ, ಬರಿಮರದ ಮೇಲೆ ಬಾಣಲೆಯಿಟ್ಟು ಒತ್ತಿ ಹಿಡಿದಳು. ಸುಟ್ಟ ಎಣ್ಣೆಯ ವಾಸನೆ ಎದ್ದಿತು.

"ಏಯ್, ಮರ!" ಎಸ್ಕಿಲ್ ಓಡಿ ಬಂದು ಬಾಣಲೆ ಎತ್ತಿದ. ಅಡಿಯಲ್ಲಿ ಮರ ಸುಟ್ಟು ದೊಡ್ಡದೊಂದು ಕಪ್ಪು ಬಳೆ ಮೂಡಿತ್ತು. "ನೀನಾ ಇದನ್ನ ಮಾಡಿದ್ದು? ನೀನು?"

"ಮರೆತೆ," ಎಂದಳು ಬೋದಿಲ್. ಕಣ್ಣು ಮಾತ್ರ ಮೆರೆಟೆಯ ಮುಖದ ಮೇಲಿತ್ತು. ಈಗ ಕಿರುಚುತ್ತಾಳೆ, ಈಗ ಅಳುತ್ತಾಳೆ.

ಮೆರೆಟೆ ಬಗ್ಗಿ, ಬೆರಳಿಂದ ಮುಟ್ಟಿ ನೋಡಿದಳು. "ಕೈ ಸುಟ್ಕೊಂಡಿಲ್ಲ ತಾನೇ?" ಎಂದಳು. ಅಷ್ಟೇ.

ಸಿಗ್ನೆ ಚಪ್ಪಾಳೆ ತಟ್ಟಿದಳು. "ಅಬ್ಬಾ ಅಮ್ಮಾ, ಕೊನೆಗೂ!"

"ಏನೇ ಕೊನೆಗೂ?"

"ಈ ಶಾಯಿ ನಂದು. ಆ ಗೀರು ಅಪ್ಪಂದು, ಗಾಳಿಪಟ ಮಾಡಕ್ಕೆ ಹೋಗಿ. ಕಾಫಿ ಕಲೆಗಳೆಲ್ಲ ಮೆರೆಟೆದು. ನಿಂದು ಒಂದೂ ಇರಲಿಲ್ಲ. ನೀನು ಈ ಮನೇಲಿ ಇದ್ದೆ ಅಂತ ಈ ಮೇಜು ನೋಡಿದ್ರೆ ಯಾರಿಗೂ ಗೊತ್ತಾಗ್ತಾನೇ ಇರಲಿಲ್ಲಮ್ಮ."

ಮೆರೆಟೆ ಮೆಲ್ಲನೆ ಕುರ್ಚಿ ಎಳೆದುಕೊಟ್ಟಳು. ಬೋದಿಲ್ ಕೂತಳು. ಎಸ್ಕಿಲ್ ಬಡಿಸಲು ಬಂದಾಗ ಬಲಗೈಯೊಂದರಲ್ಲೇ ತಟ್ಟೆ ಚಾಚಿದಳು. ಎಡ ಅಂಗೈ ಆ ಕಪ್ಪು ಬಳೆಯ ಮೇಲಿತ್ತು. ಮರ ಇನ್ನೂ ಚುರುಗುಟ್ಟುತ್ತಿತ್ತು; ಅವಳು ಕೈ ತೆಗೆಯಲಿಲ್ಲ.